ಸವಳು ನೆಲದ ಚರಿತ್ರೆ: ಬೀದರದ ಎರೆ ಭೂಮಿಗೆ ಒಂದು ಮುನ್ನೆಚ್ಚರಿಕೆ

ಬೀದರ ಜಿಲ್ಲೆಯ ನಕ್ಷೆಯನ್ನು ಒಮ್ಮೆ ಮುಂದಿಟ್ಟುಕೊಂಡು ನೋಡಿ. ಬೀದರ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಹಾಸಿನ ಮೇಲೆ. ಅಲ್ಲಿಂದ ಭಾಲ್ಕಿ, ಔರಾದ ಕಡೆಗೆ ಇಳಿದರೆ ಮಣ್ಣಿನ ಬಣ್ಣ ಬದಲಾಗಿ ಎರೆ ಭೂಮಿ ಶುರುವಾಗುತ್ತದೆ. ಈ ಎರೆ ನೆಲದ ನಡುವೆ ಮಾಂಜ್ರಾ ನದಿ ಬಳಸಿ ಹರಿಯುತ್ತದೆ. ಅದರ ಉಪನದಿ ಕಾರಂಜಾಕ್ಕೆ ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಅಣೆಕಟ್ಟು ಕಟ್ಟಲಾಗಿದೆ. ತೊಗರಿ, ಉದ್ದು, ಹೆಸರು, ಕಡಲೆ, ಜೋಳ, ಸೋಯಾ ಅವರೆ ಇಲ್ಲಿಯ ಮುಖ್ಯ ಬೆಳೆಗಳು. ನೀರು ಸಿಕ್ಕಿದ ಕಡೆ ಕಬ್ಬು.

ಈ ನೆಲಕ್ಕೂ ಭೂಮಿಯ ವಾಯುಮಂಡಲ ಬಿಸಿಯಾಗುವುದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೊಲಕ್ಕೆ ಹಾಕಿದ ಸಾರಜನಕ ಗೊಬ್ಬರದ ಒಂದು ಪಾಲು ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿ ಮೇಲೇರುತ್ತದೆ. ಸದಾ ನೀರು ನಿಂತ ಗದ್ದೆಯಿಂದ ಮೀಥೇನ್ ಹೊರಬೀಳುತ್ತದೆ. ಎರಡೂ ಹಸಿರುಮನೆ ಅನಿಲಗಳು. ನೆಲ ಸವಳಾದರೆ ಬೆಳೆಗೆ ದಕ್ಕುವ ಗೊಬ್ಬರದ ಪಾಲು ಇಳಿದು ಪೋಲಾಗುವ ಪಾಲು ಏರುತ್ತದೆ. ಆದ್ದರಿಂದ ಸವಳಿನ ಚರಿತ್ರೆ, ನೀರಾವರಿಯ ಚರಿತ್ರೆ, ಗೊಬ್ಬರದ ಚರಿತ್ರೆ ಈ ಮೂರನ್ನೂ ಒಟ್ಟಿಗೆ ಓದಬೇಕಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಷ್ಟು ವ್ಯಾಪಕವಾದ ಸವಳು ಬೀದರ ಜಿಲ್ಲೆಯಲ್ಲಿ ಇಲ್ಲ. ಹಾಗಾಗಿಯೇ ಈ ಚರಿತ್ರೆಯನ್ನು ತಿಳಿದುಕೊಳ್ಳಲು ಇದು ತಕ್ಕ ಸಮಯ.

ಸುರಂಗ ಬಾವಿಯ ಪಾಠ

ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿ 15ನೆಯ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ವರ್ಗಾಯಿಸಿದ. ಎತ್ತರದ ಬಂಡೆಹಾಸಿನ ಮೇಲಿನ ಊರಿಗೆ ನೀರು ಒದಗಿಸುವುದು ಸುಲಭದ ಕೆಲಸವಾಗಿರಲಿಲ್ಲ. ಪರ್ಷಿಯಾದಲ್ಲಿ ರೂಢಿಯಲ್ಲಿದ್ದ ‘ಕರೇಜ್’ ಎಂಬ ನೀರು ಸುರಂಗದ ತಂತ್ರ ಇಲ್ಲಿಗೆ ಬಂದದ್ದು ಆ ಕಾಲದಲ್ಲಿ. ಸ್ಥಳೀಯರು ಇದನ್ನು ಸುರಂಗ ಬಾವಿ ಎನ್ನುತ್ತಾರೆ. ನಗರದ ಅಂಚಿನ ನೌಬಾದಿನಲ್ಲಿ ಇಂದಿಗೂ ಇದನ್ನು ಕಾಣಬಹುದು.

ಇದರ ಕೆಲಸದ ರೀತಿಯನ್ನು ಗಮನಿಸಿ. ಜಂಬಿಟ್ಟಿಗೆಯ ಕಲ್ಲಿನಲ್ಲಿ ರಂಧ್ರಗಳು ಹೆಚ್ಚು. ಮಳೆನೀರು ಅದರೊಳಕ್ಕೆ ಇಳಿಯುತ್ತದೆ. ಅದರ ಕೆಳಗಿರುವ ಕಪ್ಪು ಬಸಾಲ್ಟ್ ಶಿಲೆ ನೀರನ್ನು ಅಷ್ಟಾಗಿ ಕೆಳಕ್ಕೆ ಬಿಡುವುದಿಲ್ಲ. ಹೀಗಾಗಿ ಎರಡೂ ಕೂಡುವ ಮಟ್ಟದಲ್ಲಿ ನೀರು ಶೇಖರವಾಗುತ್ತದೆ. ಆ ನೀರಿಗೆ ಇಳಿಜಾರಾದ ಸುರಂಗ ತೋಡಿ, ಗಾಳಿ ಬೆಳಕಿಗಾಗಿ ಅಲ್ಲಲ್ಲಿ ಮೇಲಿನಿಂದ ಬಾವಿ ಇಳಿಸಿದರೆ ನೀರು ಯಂತ್ರದ ಹಂಗಿಲ್ಲದೆ ತಾನೇ ಹರಿದು ಬರುತ್ತದೆ. ಬಿಸಿಲಿಗೆ ಆವಿಯಾಗಿ ನಷ್ಟವಾಗುವುದೂ ಕಡಿಮೆ.

ಸವಳು ಭೂಮಿಯನ್ನು ಸುಧಾರಿಸಲು ಇಂದು ಹೊಲದ ಅಡಿಯಲ್ಲಿ ಹೂಳುವ ರಂಧ್ರಕೊಳವೆಗಳ ತತ್ತ್ವವೂ ಇದೇ. ನೆಲದೊಳಗಿನ ನೀರಿಗೆ ಇಳಿಜಾರಿನ ದಾರಿ ಮಾಡಿಕೊಟ್ಟರೆ ಅದು ಗುರುತ್ವಾಕರ್ಷಣೆಯಿಂದ ಹೊರಬರುತ್ತದೆ. ಬಹಮನಿ ಕಾಲದವರು ನೀರು ಪಡೆಯಲು ಈ ದಾರಿ ತೋಡಿದರು. ನಾವು ಬೇಡದ ನೀರನ್ನೂ ಅದರೊಡನೆ ಉಪ್ಪನ್ನೂ ಹೊರಹಾಕಲು ತೋಡುತ್ತಿದ್ದೇವೆ. ಕಾಲುವೆ ನೀರಾವರಿ ಯುಗದ ದೊಡ್ಡ ತಪ್ಪು ಈ ಎರಡನೆಯ ಕೆಲಸವನ್ನು ಮರೆತದ್ದು.

ಉಪ್ಪು ಮೇಲೆ ಬರುವ ಬಗೆ

ನದಿಯ ಸಿಹಿ ನೀರಿನಲ್ಲೂ ಕರಗಿದ ಲವಣ ಇದ್ದೇ ಇರುತ್ತದೆ. ಲೀಟರಿಗೆ ಕೇವಲ 200 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಒಂದು ಹೆಕ್ಟೇರಿಗೆ ವರ್ಷಕ್ಕೆ 1000 ಮಿಲಿಮೀಟರ್ ನೀರು ಕೊಟ್ಟರೆ ಅದು ಒಂದು ಕೋಟಿ ಲೀಟರ್ ಆಗುತ್ತದೆ. ಅಂದರೆ 2 ಟನ್ ಲವಣ ಹೊಲ ಸೇರಿತು. ಗಿಡ ನೀರನ್ನು ಹೀರುತ್ತದೆ, ಸೂರ್ಯ ನೀರನ್ನು ಒಣಗಿಸುತ್ತಾನೆ, ಲವಣ ಅಲ್ಲೇ ಉಳಿಯುತ್ತದೆ.

ಎರೆ ಮಣ್ಣಿನಲ್ಲಿ ಇನ್ನೊಂದು ತೊಡಕಿದೆ. ಅದರ ಜೇಡಿ ಕಣಗಳು ನೀರು ಕುಡಿದು ಉಬ್ಬಿಕೊಳ್ಳುತ್ತವೆ, ಬಿರುಕು ಮುಚ್ಚಿ ನೀರು ಕೆಳಗಿಳಿಯುವುದು ನಿಧಾನವಾಗುತ್ತದೆ. ಬಸಿದು ಹೋಗಲು ದಾರಿ ಇಲ್ಲದ ನೀರು ಅಂತರ್ಜಲ ಮಟ್ಟವನ್ನು ಏರಿಸುತ್ತದೆ. ಅದು ಮೇಲ್ಮೈಗೆ ಒಂದೂವರೆ ಎರಡು ಮೀಟರಿನಷ್ಟು ಹತ್ತಿರ ಬಂದಾಗ, ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಮಣ್ಣಿನ ಸೂಕ್ಷ್ಮ ನಾಳಗಳು ಉಪ್ಪುನೀರನ್ನು ಮೇಲೆತ್ತುತ್ತವೆ. ಆಳದಲ್ಲಿ ನೂರಾರು ವರ್ಷ ಸುಮ್ಮನಿದ್ದ ಉಪ್ಪೂ ಎದ್ದು ಬರುತ್ತದೆ. ಬೇಸಿಗೆಯಲ್ಲಿ ಹೊಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪದರ ಕಾಣುತ್ತದೆ.

ಉತ್ತರ ಕರ್ನಾಟಕದ ರೈತರು ಬಳಸುವ ಪದಗಳಲ್ಲಿಯೇ ಈ ವಿಜ್ಞಾನ ಅಡಗಿದೆ. ಅವುಗಳ ವ್ಯತ್ಯಾಸ ತಿಳಿದಿರಲಿ.

ಜವಳು: ನೀರು ಬಸಿಯದೆ ಸದಾ ತೇವವಾಗಿರುವ, ಬೇರಿಗೆ ಗಾಳಿ ಸಿಗದ ನೆಲ.

ಸವಳು ಅಥವಾ ಚೌಳು: ಕರಗುವ ಲವಣ ಹೆಚ್ಚಿದ ನೆಲ. ಮಣ್ಣಿನ ಪರ್ಯಾಪ್ತ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ಮೀರಿದರೆ ಅದು ಸವಳು.

ಕರಲು ಅಥವಾ ಕ್ಷಾರ: ಜೇಡಿ ಕಣಗಳಿಗೆ ಸೋಡಿಯಂ ಅಂಟಿಕೊಂಡ ನೆಲ. ವಿನಿಮಯಯೋಗ್ಯ ಸೋಡಿಯಂ ಶೇ. 15ಕ್ಕಿಂತ ಹೆಚ್ಚು. ರಸಸಾರ ಸಾಮಾನ್ಯವಾಗಿ 8.5 ಮೀರುತ್ತದೆ. ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ರಾಡಿ.

ಈ ಅಂಕಿಗಳ ಗೆರೆಯನ್ನು ಎಳೆದದ್ದು ಅಮೆರಿಕದ ರಿವರ್‌ಸೈಡ್‌ನಲ್ಲಿರುವ ಲವಣತೆ ಪ್ರಯೋಗಾಲಯ. 1954ರಲ್ಲಿ ಅದು ಪ್ರಕಟಿಸಿದ 60ನೆಯ ಸಂಖ್ಯೆಯ ಕೈಪಿಡಿಯನ್ನು ಮಣ್ಣು ಪರೀಕ್ಷಾ ಕೇಂದ್ರಗಳು ಇಂದಿಗೂ ಆಧಾರವಾಗಿ ಬಳಸುತ್ತವೆ.

ಮೆಸಪೊಟೇಮಿಯಾದಿಂದ ನೀರಾ ಕಾಲುವೆಯವರೆಗೆ

ಸವಳಿನ ಸಮಸ್ಯೆ ನೀರಾವರಿಯಷ್ಟೇ ಹಳೆಯದು. ತೋರ್ಕಿಲ್ಡ್ ಜೇಕಬ್ಸನ್ ಮತ್ತು ರಾಬರ್ಟ್ ಆಡಮ್ಸ್ ಎಂಬ ವಿದ್ವಾಂಸರು 1958ರಲ್ಲಿ ದಕ್ಷಿಣ ಮೆಸಪೊಟೇಮಿಯಾದ ಪುರಾತನ ದಾಖಲೆಗಳನ್ನು ಪರಿಶೀಲಿಸಿ ಒಂದು ಲೇಖನ ಬರೆದರು. ಕ್ರಿ.ಪೂ. 3500ರ ಸುಮಾರಿಗೆ ಅಲ್ಲಿ ಗೋಧಿ ಮತ್ತು ಬಾರ್ಲಿ ಹೆಚ್ಚುಕಡಿಮೆ ಸಮಸಮವಾಗಿದ್ದವು. ಸುಮಾರು ಒಂದು ಸಾವಿರ ವರ್ಷದ ನಂತರ ಗೋಧಿಯ ಪಾಲು ಆರನೆಯ ಒಂದು ಭಾಗಕ್ಕೆ ಇಳಿದಿತ್ತು. ಕ್ರಿ.ಪೂ. 1700ರ ಹೊತ್ತಿಗೆ ಗೋಧಿ ಕಾಣೆಯಾಗಿತ್ತು. ಬಾರ್ಲಿ ಉಪ್ಪನ್ನು ಗೋಧಿಗಿಂತ ಹೆಚ್ಚು ತಡೆದುಕೊಳ್ಳುತ್ತದೆ. ಉಪ್ಪು ಏರಿದಂತೆ ಮೊದಲು ಬೆಳೆ ಬದಲಾಗುತ್ತದೆ, ಆಮೇಲೆ ಊರು ಬದಲಾಗುತ್ತದೆ ಎಂಬುದು ಅವರ ವಾದದ ಸಾರ.

ಭಾರತದಲ್ಲಿ ಬ್ರಿಟಿಷರ ಕಾಲದ ಕಾಲುವೆಗಳು ಈ ಕಥೆಯನ್ನು ಬಹುಬೇಗ ಪುನರಾವರ್ತಿಸಿದವು. ಪಶ್ಚಿಮ ಯಮುನಾ ಕಾಲುವೆಯ ಪಕ್ಕದ ಮೂನಕ್ ಎಂಬ ಹಳ್ಳಿಯ ರೈತರು ತಮ್ಮ ಹೊಲಗಳು ಉಪ್ಪಿನಿಂದ ಹಾಳಾಗುತ್ತಿವೆ ಎಂದು 1855ರಲ್ಲಿಯೇ ದೂರಿದ್ದರು. 1870ರ ದಶಕದಲ್ಲಿ ಸರ್ಕಾರ ‘ರೇಹ್ ಸಮಿತಿ’ಯನ್ನು ನೇಮಿಸಬೇಕಾಯಿತು. ರೇಹ್ ಎಂದರೆ ಉತ್ತರ ಭಾರತದವರ ಮಾತಿನಲ್ಲಿ ನೆಲದ ಮೇಲೆ ಅರಳುವ ಉಪ್ಪು.

ನಮ್ಮ ದಖ್ಖಣದ ಎರೆ ನೆಲಕ್ಕೆ ಹೆಚ್ಚು ಹತ್ತಿರದ ಉದಾಹರಣೆ ನೀರಾ ಎಡದಂಡೆ ಕಾಲುವೆ. ಪುಣೆ ಜಿಲ್ಲೆಯ ಬಾರಾಮತಿ ಸೀಮೆಗೆ 1885ರಲ್ಲಿ ಈ ಕಾಲುವೆಯ ನೀರು ಬಂತು. ಬರಪೀಡಿತ ನೆಲದಲ್ಲಿ ಕಬ್ಬು ನಳನಳಿಸಿತು. ಕಾಲು ಶತಮಾನ ಕಳೆಯುವಷ್ಟರಲ್ಲಿ ತಗ್ಗಿನ ಹೊಲಗಳು ಬಿಳಿಯಾಗತೊಡಗಿದವು. ಪುಣೆ ಕೃಷಿ ಕಾಲೇಜಿನ ಹೆರಾಲ್ಡ್ ಮಾನ್ ಮತ್ತು ವಿ. ಎ. ತಾಮ್ಹಣೆ 1910ರಲ್ಲಿ ನೀರಾ ಕಣಿವೆಯ ಉಪ್ಪು ನೆಲಗಳ ಬಗ್ಗೆ ವಿವರವಾದ ವರದಿ ಪ್ರಕಟಿಸಿದರು.

ಈ ಕಾಲುವೆಯ ಚರಿತ್ರೆಯಲ್ಲಿ ನಮಗೆಲ್ಲ ಪರಿಚಿತರಾದ ಒಬ್ಬರ ಹೆಸರೂ ಬರುತ್ತದೆ. ಆಗ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರು 1900ರ ಆಸುಪಾಸಿನಲ್ಲಿ ‘ಬ್ಲಾಕ್ ಪದ್ಧತಿ’ಯನ್ನು ರೂಪಿಸಿದರು. ಹೊಲಗಳನ್ನು ಗುಂಪುಗಳಾಗಿ ವಿಂಗಡಿಸಿ, ಕಬ್ಬು, ಭತ್ತ, ಒಣ ಬೆಳೆಗಳನ್ನು ಸರದಿಯಂತೆ ಬೆಳೆಸಿ, ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವುದು ಇದರ ಉದ್ದೇಶ. ಒಂದೇ ತುಂಡಿಗೆ ವರ್ಷವಿಡೀ ನೀರು ಹರಿಸಿ ನೆಲ ಕೆಡಿಸುವುದನ್ನು ತಪ್ಪಿಸುವ ಮಾರ್ಗವೂ ಇದರಲ್ಲಿತ್ತು. ನೀರಾವರಿ ಎಂದರೆ ಕೇವಲ ನೀರು ಕೊಡುವುದಲ್ಲ, ಎಷ್ಟು, ಎಲ್ಲಿ, ಯಾವಾಗ ಕೊಡಬಾರದು ಎಂದು ತೀರ್ಮಾನಿಸುವುದೂ ಹೌದು ಎಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ.

ತುಂಗಭದ್ರೆ: ತಿಳಿದೂ ಆದ ಎಡವಟ್ಟು

ಬೀದರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮಾಂಜ್ರಾ ನದಿಗೆ ಕೆಳಭಾಗದಲ್ಲಿ ನಿಜಾಮಸಾಗರ ಅಣೆಕಟ್ಟು ಕಟ್ಟುವ ಕೆಲಸ 1923ರಲ್ಲಿ ಶುರುವಾಗಿ 1931ರಲ್ಲಿ ಮುಗಿಯಿತು. ಆ ಬಳಿಕ ಸಂಸ್ಥಾನದ ಗಮನ ತುಂಗಭದ್ರೆಯ ಕಡೆ ಹರಿಯಿತು. ಮದರಾಸು ಸರ್ಕಾರ ಮತ್ತು ಹೈದರಾಬಾದ್ ಸಂಸ್ಥಾನ ಜಂಟಿಯಾಗಿ 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ ನಡೆಸಿದವು. 1953ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು. 1956ರ ನವೆಂಬರ್ 1ರಂದು ರಾಯಚೂರು, ಕಲಬುರ್ಗಿ, ಬೀದರ ಕನ್ನಡನಾಡನ್ನು ಸೇರಿದವು. ಜೊತೆಗೆ ತುಂಗಭದ್ರೆಯ ಎಡದಂಡೆಯೂ ಬಂತು.

ಎರೆ ಭೂಮಿಗೆ ನೀರು ಹರಿಸಿದರೆ ಏನಾಗಬಹುದು ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲವೆ? ಹೊಳೆದಿತ್ತು. ಇದನ್ನು ಪರೀಕ್ಷಿಸಲೆಂದೇ ಸಿರುಗುಪ್ಪದಲ್ಲಿ 1937ರಲ್ಲಿ ಸಂಶೋಧನಾ ಕೇಂದ್ರವೊಂದನ್ನು ತೆರೆಯಲಾಗಿತ್ತು. 1930ರ ದಶಕದಲ್ಲಿ ರಾಯಚೂರು, ಹಗರಿ, ವಿಜಾಪುರ, ಸೊಲ್ಲಾಪುರಗಳಲ್ಲಿ ಒಣ ಬೇಸಾಯದ ಪ್ರಯೋಗಗಳೂ ನಡೆದಿದ್ದವು. ಕಾಲುವೆಯ ಯೋಜನೆಯಲ್ಲಿ ಭತ್ತ, ಕಬ್ಬುಗಳಿಗೆ ಸಣ್ಣ ಪಾಲು, ಜೋಳ ಹತ್ತಿಯಂಥ ಅರೆ ನೀರಾವರಿ ಬೆಳೆಗಳಿಗೆ ದೊಡ್ಡ ಪಾಲು ಎಂದು ಸರ್ವೆ ನಂಬರುವಾರು ಗೊತ್ತುಪಡಿಸಲಾಗಿತ್ತು.

ಕಾಗದದ ಮೇಲಿನ ಯೋಜನೆ ನೆಲದ ಮೇಲೆ ಉಳಿಯಲಿಲ್ಲ. ಕಾಲುವೆಯ ತಲೆಭಾಗದಲ್ಲಿ ಭತ್ತ ಹಬ್ಬಿತು. ಕರಾವಳಿ ಆಂಧ್ರದಿಂದ ಬಂದು ‘ಕ್ಯಾಂಪು’ಗಳಲ್ಲಿ ನೆಲೆಸಿದ ರೈತರು ಭತ್ತದ ಬೇಸಾಯದಲ್ಲಿ ನಿಪುಣರು. ಒಂದು ಹೊಲದಲ್ಲಿ ನೀರು ನಿಂತರೆ ಪಕ್ಕದ ಹೊಲವೂ ಒಸರಿನಿಂದ ಜವಳಾಗಿ, ಅಲ್ಲಿಯೂ ಭತ್ತವನ್ನೇ ಹಾಕುವ ಅನಿವಾರ್ಯತೆ ಬಂತು. ಬಸಿಗಾಲುವೆಗಳು ಸಾಲದಾದವು. ಕಾಲುವೆಯ ಬಾಲಭಾಗದ ರೈತರಿಗೆ ನೀರಿಲ್ಲ, ತಲೆಭಾಗದ ರೈತರಿಗೆ ನೀರಿನ ಕಾಟ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಜವಳಿಗೆ ತುತ್ತಾದ ನೆಲ ಸುಮಾರು 96 ಸಾವಿರ ಹೆಕ್ಟೇರ್ ಎಂದು ಅಂದಾಜಿಸಲಾಗಿದೆ. ಇಡೀ ಕರ್ನಾಟಕದ ಲವಣಬಾಧಿತ ಭೂಮಿ ಸುಮಾರು ಒಂದೂವರೆ ಲಕ್ಷ ಹೆಕ್ಟೇರ್ ಮತ್ತು ದೇಶದ ಒಟ್ಟು 67 ಲಕ್ಷ ಹೆಕ್ಟೇರ್ ಎಂಬುದು ಕರ್ನಾಲದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಒಪ್ಪಿಕೊಂಡು ಬಳಸುವ ಲೆಕ್ಕ. ಈ ಸಂಸ್ಥೆ ಸ್ಥಾಪನೆಯಾದದ್ದು 1969ರಲ್ಲಿ. ಅದರ ಅಖಿಲ ಭಾರತ ಯೋಜನೆಯ ಕೇಂದ್ರವೊಂದು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದೆ.

ಗೊಬ್ಬರ ಬಂದ ಕಥೆ

ಇದೇ ಅವಧಿಯಲ್ಲಿ ಹೊಲಕ್ಕೆ ಇನ್ನೊಂದು ಹೊಸ ವಸ್ತು ಕಾಲಿಟ್ಟಿತು. ಗಾಳಿಯ ಸಾರಜನಕವನ್ನು ಅಮೋನಿಯ ಮಾಡುವ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು 1913ರಲ್ಲಿ ಕಾರ್ಖಾನೆಗೆ ತಂದರು. ನಮ್ಮ ನಾಡಿನಲ್ಲಿ ಸ್ವಾತಂತ್ರ್ಯಕ್ಕೆ ಮುಂಚೆಯೇ ಮೈಸೂರಿನ ಬಳಿಯ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ತಯಾರಾಗುತ್ತಿತ್ತು. 1951ರಲ್ಲಿ ಸಿಂದ್ರಿ ಕಾರ್ಖಾನೆಯೂ 1976ರಲ್ಲಿ ಮಂಗಳೂರಿನ ಯೂರಿಯಾ ಕಾರ್ಖಾನೆಯೂ ಉತ್ಪಾದನೆ ಆರಂಭಿಸಿದವು. ಹಸಿರು ಕ್ರಾಂತಿಯ ತಳಿಗಳೊಂದಿಗೆ ಯೂರಿಯಾ ಹಳ್ಳಿಹಳ್ಳಿಗೂ ತಲುಪಿತು. ದೇಶದ ಹೊಟ್ಟೆ ತುಂಬಿದ್ದರಲ್ಲಿ ಅದರ ಪಾತ್ರವನ್ನು ಮರೆಯುವಂತಿಲ್ಲ.

ಹೊಲಕ್ಕೆ ಬಿದ್ದ ಯೂರಿಯಾ ಮೊದಲು ಅಮೋನಿಯಂ ಆಗುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಒಂದು ವರ್ಗದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಇವನ್ನು ರಷ್ಯದ ಸೆರ್ಗೆ ವಿನೊಗ್ರಾಡ್ಸ್ಕಿ 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದರು. ನೀರು ನಿಂತು ಆಮ್ಲಜನಕ ಕಡಿಮೆಯಾದಾಗ ಇನ್ನೊಂದು ವರ್ಗದ ಜೀವಿಗಳು ನೈಟ್ರೇಟನ್ನು ಹಂತ ಹಂತವಾಗಿ ಒಡೆದು ಮತ್ತೆ ಸಾರಜನಕ ಅನಿಲವಾಗಿಸುತ್ತವೆ. ಕೊನೆಯ ಹಂತಕ್ಕೆ ಒಂದು ಮೆಟ್ಟಿಲು ಮುಂಚೆ ಬರುವುದು ನೈಟ್ರಸ್ ಆಕ್ಸೈಡ್. ಎರಡೂ ಕ್ರಿಯೆಗಳಲ್ಲಿ ಅದು ಸೋರಿಹೋಗುತ್ತದೆ. ಫೈರ್‌ಸ್ಟೋನ್ ಮತ್ತು ಡೇವಿಡ್ಸನ್ ಎಂಬ ವಿಜ್ಞಾನಿಗಳು 1989ರಲ್ಲಿ ಇದನ್ನು ತೂತು ಬಿದ್ದ ಕೊಳವೆಗೆ ಹೋಲಿಸಿದರು. ಕೊಳವೆಯಲ್ಲಿ ಎಷ್ಟು ಸಾರಜನಕ ಹರಿಯುತ್ತದೆ ಎಂಬುದು ಒಂದು, ತೂತು ಎಷ್ಟು ದೊಡ್ಡದು ಎಂಬುದು ಇನ್ನೊಂದು. ಮೊದಲನೆಯದನ್ನು ನಿರ್ಧರಿಸುವುದು ಗೊಬ್ಬರ. ಎರಡನೆಯದನ್ನು ಬಹುಮಟ್ಟಿಗೆ ನಿರ್ಧರಿಸುವುದು ನೀರು.

ನೈಟ್ರಸ್ ಆಕ್ಸೈಡನ್ನು ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಕಂಡುಹಿಡಿದಾಗ ಅದೊಂದು ಕುತೂಹಲದ ಅನಿಲ, ಮುಂದೆ ಅದು ‘ನಗೆ ಅನಿಲ’ವೆಂದು ಹೆಸರಾಯಿತು. ಅದರಿಂದ ಹುಟ್ಟುವ ಸಾರಜನಕದ ಆಕ್ಸೈಡುಗಳು ಓಜೋನ್ ಪದರಕ್ಕೆ ಕುತ್ತು ತರಬಲ್ಲವು ಎಂದು ಪಾಲ್ ಕ್ರುಟ್ಜೆನ್ 1970ರಲ್ಲಿ ತೋರಿಸಿದರು. ಶಾಖ ಹಿಡಿದಿಡುವುದರಲ್ಲಿ ಅದು, ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿನ 273 ಪಟ್ಟು ಪ್ರಬಲ. ಕೈಗಾರಿಕಾ ಯುಗಕ್ಕೆ ಮುಂಚೆ ವಾಯುಮಂಡಲದಲ್ಲಿ ಇದರ ಪ್ರಮಾಣ ಶತಕೋಟಿಗೆ ಸುಮಾರು 270 ಭಾಗವಿತ್ತು. ಈಗ 335 ದಾಟಿದೆ.

ಒಂದು ಸಣ್ಣ ಲೆಕ್ಕ ಮಾಡಿ. ಯೂರಿಯಾದಲ್ಲಿ ಶೇ. 46 ಸಾರಜನಕ. 45 ಕಿಲೋ ಚೀಲದಲ್ಲಿ 20.7 ಕಿಲೋ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಮಂಡಲಿಯ ಸಾಮಾನ್ಯ ಲೆಕ್ಕದಂತೆ ಇದರ ಶೇ. 1 ಭಾಗ ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹೋಗುತ್ತದೆ. ಅದು ಸುಮಾರು ಮೂರನೆಯ ಒಂದು ಕಿಲೋ ಅನಿಲ. ಇಂಗಾಲದ ಡೈಆಕ್ಸೈಡಿಗೆ ಪರಿವರ್ತಿಸಿದರೆ ಸುಮಾರು 89 ಕಿಲೋ. ಒಣ ಹವೆಯಲ್ಲಿ ಈ ಅಂಶ ಅರ್ಧಕ್ಕೆ ಇಳಿಯಬಹುದು, ತೇವದ ಹವೆಯಲ್ಲಿ ಶೇ. 1.6ಕ್ಕೆ ಏರಬಹುದು ಎಂದು ಅದೇ ಮಂಡಲಿ 2019ರಲ್ಲಿ ಪರಿಷ್ಕರಿಸಿತು. ಗೊಬ್ಬರ ಅದೇ, ಸೋರಿಕೆಯನ್ನು ಬದಲಿಸಿದ್ದು ತೇವ ಎಂಬುದನ್ನು ಗಮನಿಸಿ.

ಉಪ್ಪು ಸೇರಿದಾಗ

ಸವಳು ನೆಲದಲ್ಲಿ ಈ ಕೊಳವೆಯ ತೂತುಗಳು ಹೇಗೆ ಬದಲಾಗುತ್ತವೆ? ಮೊದಲನೆಯದಾಗಿ, ಉಪ್ಪಿನಿಂದ ಬಳಲಿದ ಬೇರು ಸಾರಜನಕವನ್ನು ಪೂರ್ತಿ ಹೀರುವುದಿಲ್ಲ. ಉಳಿದದ್ದು ಸೂಕ್ಷ್ಮಜೀವಿಗಳ ಪಾಲು. ಎರಡನೆಯದಾಗಿ, ನೈಟ್ರಸ್ ಆಕ್ಸೈಡನ್ನು ನಿರುಪದ್ರವಿ ಸಾರಜನಕವಾಗಿಸುವ ಕೊನೆಯ ಕಿಣ್ವ ಉಪ್ಪಿಗೆ ಸೂಕ್ಷ್ಮ. ಅದು ಕುಂಠಿತವಾದರೆ ಕ್ರಿಯೆ ಒಂದು ಮೆಟ್ಟಿಲು ಮುಂಚೆಯೇ ನಿಂತು ನೈಟ್ರಸ್ ಆಕ್ಸೈಡಿನ ಪಾಲು ಹೆಚ್ಚುತ್ತದೆ. ಉಪ್ಪು ಅತಿಯಾದಾಗ ಎಲ್ಲ ಜೀವಿಗಳೂ ಸೊರಗಿ ಅನಿಲ ಕಡಿಮೆಯಾಗುವುದೂ ಉಂಟು. ಆದರೆ ಅಂಥ ನೆಲದಲ್ಲಿ ಬೆಳೆಯೂ ಇರುವುದಿಲ್ಲ. ಮೂರನೆಯದಾಗಿ, ಕರಲು ಮಣ್ಣಿನ ಹೆಚ್ಚಿನ ರಸಸಾರದಲ್ಲಿ ಯೂರಿಯಾದ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ. ಅದು ಬೇರೆಡೆ ಇಳಿದು ಅಲ್ಲಿ ಇದೇ ಚಕ್ರವನ್ನು ಸೇರುತ್ತದೆ.

ಈ ನಷ್ಟ ತುಂಬಲು ಕರಲು ಭೂಮಿಗೆ ಸಾಮಾನ್ಯ ಶಿಫಾರಸಿಗಿಂತ ಶೇ. 25ರಷ್ಟು ಹೆಚ್ಚು ಸಾರಜನಕ ಹಾಕುವ ಸಲಹೆ ದೇಶದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಬೆಳೆಯ ದೃಷ್ಟಿಯಿಂದ ಅದು ಸರಿ. ಆದರೆ ನೆಲ ಕೆಟ್ಟಷ್ಟೂ ಗೊಬ್ಬರ, ಗೊಬ್ಬರ ಹೆಚ್ಚಿದಷ್ಟೂ ಅನಿಲ ಎಂಬ ಸುಳಿ ಇದರಲ್ಲಿದೆ. ಅದರಿಂದ ಹೊರಬರುವ ದಾರಿ ನೆಲವನ್ನು ಸರಿಪಡಿಸುವುದು.

ಮೀಥೇನಿನ ವಿಷಯದಲ್ಲಿ ಒಂದು ಸ್ವಾರಸ್ಯಕರ ಚರಿತ್ರೆಯಿದೆ. 1990ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಹೊರಬಿಡುತ್ತವೆ ಎಂದು ಅಂದಾಜಿಸಿತು. ಯೂರೋಪು, ಅಮೆರಿಕದ ಗದ್ದೆಗಳ ಅಳತೆಯನ್ನು ನಮ್ಮ ನೆಲಕ್ಕೆ ಅನ್ವಯಿಸಿದ್ದೇ ಇದಕ್ಕೆ ಕಾರಣ. ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ, ಡಿ. ಸಿ. ಪರಾಶರ್ ಮತ್ತು ಸಂಗಡಿಗರು 1991ರಲ್ಲಿ ದೇಶದ ಹಲವೆಡೆ ಗದ್ದೆಗಳಲ್ಲಿ ಪೆಟ್ಟಿಗೆ ಇಟ್ಟು ಅನಿಲವನ್ನು ನಿಜವಾಗಿ ಅಳೆದರು. ಸಿಕ್ಕ ಉತ್ತರ ಸುಮಾರು 40 ಲಕ್ಷ ಟನ್. ಮುಂದೆ 2007ನೆಯ ವರ್ಷಕ್ಕೆ ಭಾರತ ಸರ್ಕಾರ ಸಿದ್ಧಪಡಿಸಿದ ಲೆಕ್ಕದಲ್ಲಿ ಅದು ಸುಮಾರು 33 ಲಕ್ಷ ಟನ್ ಇತ್ತು. ಸ್ಥಳೀಯ ಅಳತೆಯಿಲ್ಲದ ಅಂದಾಜು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಕರಲು ನೆಲದ ಮದ್ದಾದ ಜಿಪ್ಸಂ ಮೀಥೇನಿಗೂ ಕಡಿವಾಣ ಹಾಕುತ್ತದೆ ಎಂಬುದು ಇನ್ನೊಂದು ಸಂಗತಿ. ಫಿಲಿಪೈನ್ಸಿನ ಗದ್ದೆಯೊಂದರಲ್ಲಿ ಜಿಪ್ಸಂ ಹಾಕಿದಾಗ ಮೀಥೇನ್ ಶೇ. 55ರಿಂದ 70ರಷ್ಟು ಇಳಿಯಿತೆಂದು 1994ರಲ್ಲಿ ವರದಿಯಾಯಿತು. ಜಿಪ್ಸಂನ ಸಲ್ಫೇಟನ್ನು ಬಳಸುವ ಸೂಕ್ಷ್ಮಜೀವಿಗಳು ಮೀಥೇನ್ ಉತ್ಪಾದಕ ಜೀವಿಗಳ ಆಹಾರವನ್ನು ಕಸಿದುಕೊಳ್ಳುವುದೇ ಇದಕ್ಕೆ ಕಾರಣ.

ಬೀದರಕ್ಕೆ ಏಕೆ ಈ ಮಾತು?

ಕಾರಂಜಾ ಯೋಜನೆಯ ಜಲಾಶಯದ ಸಾಮರ್ಥ್ಯ ಸುಮಾರು 7.7 ಟಿಎಂಸಿ. ತುಂಗಭದ್ರೆಯ ನೂರಕ್ಕೂ ಹೆಚ್ಚು ಟಿಎಂಸಿಯ ಮುಂದೆ ಇದು ಚಿಕ್ಕದು. ಆದರೆ ಮೂಲವಸ್ತುಗಳು ಅವೇ: ಎರೆ ಮಣ್ಣು, ಕಾಲುವೆ ನೀರು, ಹೆಚ್ಚು ನೀರು ಬೇಡುವ ಬೆಳೆ. ಏತ ನೀರಾವರಿ ಮತ್ತು ಕೆರೆ ತುಂಬಿಸುವ ಕೆಲಸಗಳಿಂದ ಭಾಲ್ಕಿ, ಔರಾದ ಭಾಗದ ಇನ್ನಷ್ಟು ಹೊಲಗಳಿಗೆ ನೀರು ಸಿಗಲಿ ಎಂಬುದು ಅಲ್ಲಿಯ ರೈತರ ನ್ಯಾಯವಾದ ಬೇಡಿಕೆ. ನೀರು ಬರಬೇಕು. ಅದರೊಡನೆ ತುಂಗಭದ್ರೆಯ ಎಡವಟ್ಟು ಬರಬಾರದು.

ಬೆಳೆಗಳ ಲವಣ ಸಹಿಷ್ಣುತೆಯನ್ನು ಮಾಸ್ ಮತ್ತು ಹಾಫ್‌ಮನ್ 1977ರಲ್ಲಿ ಪಟ್ಟಿ ಮಾಡಿದರು. ಯಾವ ಮಟ್ಟ ದಾಟಿದರೆ ಇಳುವರಿ ಕುಸಿಯತೊಡಗುತ್ತದೆ ಎಂಬುದೇ ಇದರ ಅಳತೆ. ಹತ್ತಿಗೆ ಅದು 7.7, ಜೋಳಕ್ಕೆ 6.8, ಸೋಯಾ ಅವರೆಗೆ 5, ಭತ್ತಕ್ಕೆ 3, ಕಬ್ಬಿಗೆ 1.7 ಡೆಸಿಸೀಮನ್ಸ್. ಹೆಸರು, ಕಡಲೆಯಂಥ ಬೇಳೆಕಾಳುಗಳು ಉಪ್ಪಿಗೆ ಬಹಳ ಸೂಕ್ಷ್ಮ. ಅವುಗಳ ಬೇರುಗಂಟಿನಲ್ಲಿ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುವ ರೈಜೋಬಿಯಂ ಜೀವಿಗಳ ಕೆಲಸವೂ ಉಪ್ಪಿನಲ್ಲಿ ಕುಂಟುತ್ತದೆ.

ಇದರ ಅರ್ಥವೇನು ನೋಡಿ. ಬೀದರದ ಬೇಸಾಯ ಹೊರಗಿನ ಸಾರಜನಕವನ್ನು ಕಡಿಮೆ ಬೇಡುವ ಬೇಸಾಯ. ತೊಗರಿಗೆ ಹೆಕ್ಟೇರಿಗೆ ಸುಮಾರು 25 ಕಿಲೋ ಸಾರಜನಕ ಸಾಕು. ಕಬ್ಬಿಗೆ 250 ಕಿಲೋದಷ್ಟು ಬೇಕು. ಹಿಂದಿನ ಲೆಕ್ಕದಂತೆ ಗೊಬ್ಬರವೊಂದರಿಂದಲೇ ತೊಗರಿಯ ಹೆಕ್ಟೇರು ಸುಮಾರು 0.1 ಟನ್, ಕಬ್ಬಿನ ಹೆಕ್ಟೇರು ಸುಮಾರು 1 ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ನೈಟ್ರಸ್ ಆಕ್ಸೈಡ್ ಬಿಡುತ್ತದೆ. ನೆಲ ಸವಳಾದರೆ ಮೊದಲು ಹೊರಡುವುದು ಬೇಳೆಕಾಳು. ಜವಳಾದ ನೆಲದಲ್ಲಿ ಕಬ್ಬೂ ಬಾರದೆ ಕೊನೆಗೆ ಭತ್ತ ಬರುತ್ತದೆ, ಜೊತೆಗೆ ಮೀಥೇನ್. ಮೆಸಪೊಟೇಮಿಯಾದಲ್ಲಿ ಗೋಧಿ ಹೋಗಿ ಬಾರ್ಲಿ ಬಂದಂತೆ ಇಲ್ಲಿ ಬೇಳೆ ಹೋಗಿ ಚೀಲಗಟ್ಟಲೆ ಯೂರಿಯಾ ಬರುವ ಅಪಾಯವಿದೆ. ರೈತನ ಖರ್ಚು, ನಮ್ಮ ತಟ್ಟೆಯ ಬೇಳೆ, ವಾಯುಮಂಡಲ ಮೂರಕ್ಕೂ ಇದರಲ್ಲಿ ನಷ್ಟವೇ.

ಚರಿತ್ರೆ ಹೇಳುವ ಕ್ರಮ

ಹಿಂದಿನ ಅನುಭವದಿಂದ ಒಂದು ಕ್ರಮ ಸ್ಪಷ್ಟವಾಗುತ್ತದೆ.

ಮೊದಲು ಬಸಿಗಾಲುವೆ. ನೀರು ಕೊಡುವ ಕಾಲುವೆಯ ಜೊತೆಗೇ ನೀರು ಒಯ್ಯುವ ಕಾಲುವೆಯೂ ಆಗಬೇಕು. ಹಳ್ಳಗಳ ಹೂಳು ತೆಗೆದಿರಬೇಕು. 1990ರ ದಶಕದ ಮಧ್ಯದಿಂದ ನಡೆದ ಭಾರತ ಡಚ್ ಸಹಕಾರದ ಯೋಜನೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಕಾಲುವೆ ಪ್ರದೇಶಗಳಲ್ಲಿ ನೆಲದಡಿ ಕೊಳವೆಗಳ ಪ್ರಯೋಜನವನ್ನು ತೋರಿಸಿತು. ಗಂಗಾವತಿಯಲ್ಲಿ ಇದನ್ನು ಮುಂದುವರಿಸಿ, ಬೇಕಾದಾಗ ಮಾತ್ರ ತೆರೆಯುವ ನಿಯಂತ್ರಿತ ಬಸಿಯುವಿಕೆಯ ಪ್ರಯೋಗಗಳು ನಡೆದಿವೆ. ಸದಾ ತೆರೆದ ಕೊಳವೆಯಲ್ಲಿ ಉಪ್ಪಿನೊಂದಿಗೆ ನೈಟ್ರೇಟೂ ಹರಿದುಹೋಗುವುದನ್ನು ಇದು ತಡೆಯುತ್ತದೆ.

ಎರಡನೆಯದು ನೀರಿನ ಅಳತೆ. ಮಣ್ಣಿನ ರಂಧ್ರಗಳಲ್ಲಿ ಶೇ. 60ರಿಂದ 80 ಭಾಗ ನೀರು ತುಂಬಿದ ಸ್ಥಿತಿಯಲ್ಲಿ ನೈಟ್ರಸ್ ಆಕ್ಸೈಡ್ ಹೆಚ್ಚು ಹುಟ್ಟುತ್ತದೆ. ಯೂರಿಯಾ ಎರಚಿ ಹೊಲ ತುಂಬ ನೀರು ಬಿಟ್ಟರೆ ಈ ಸ್ಥಿತಿ ದಿನಗಟ್ಟಲೆ ಇರುತ್ತದೆ. ಹನಿ ನೀರಾವರಿಯಲ್ಲಿ ನೀರಿನೊಂದಿಗೆ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಬೇರಿಗೆ ಕೊಡಬಹುದು. ಆದರೆ ಎಚ್ಚರ: ಹನಿ ನೀರಾವರಿಯಲ್ಲಿ ಉಪ್ಪು ತೇವದ ಅಂಚಿನಲ್ಲಿ ಕೂಡಿಕೊಳ್ಳುತ್ತದೆ. ಅದನ್ನು ಮುಂಗಾರು ಮಳೆ ತೊಳೆಯುವಂತೆ ಬದುಗಳಲ್ಲಿ ನೀರು ನಿಲ್ಲಿಸಿ ಬಸಿಯಲು ಬಿಡಬೇಕು.

ಮೂರನೆಯದು ಗೊಬ್ಬರದ ಸಮಯ ಮತ್ತು ರೂಪ. ಬೇವು ಸೂಕ್ಷ್ಮಜೀವಿಗಳ ನೈಟ್ರೇಟ್ ತಯಾರಿಯನ್ನು ನಿಧಾನಿಸುತ್ತದೆ ಎಂಬುದನ್ನು 1970ರ ದಶಕದ ಆರಂಭದಲ್ಲೇ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರಾಜೇಂದ್ರ ಪ್ರಸಾದ್ ಮತ್ತು ಸಹೋದ್ಯೋಗಿಗಳು ಅಧ್ಯಯನ ಮಾಡಿದ್ದರು. ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನ ಲೇಪ ಕಡ್ಡಾಯವಾದದ್ದು 2015ರಲ್ಲಿ. ನಡುವೆ ನಾಲ್ಕು ದಶಕ ಕಳೆಯಿತು. ಒಂದೇ ಸಲ ಎರಚುವ ಬದಲು ಮೂರು ನಾಲ್ಕು ಕಂತುಗಳಲ್ಲಿ, ಮಣ್ಣಿನೊಳಗೆ ಸೇರುವಂತೆ ಕೊಟ್ಟರೆ ಅಮೋನಿಯದ ನಷ್ಟವೂ ಇಳಿಯುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕಬೇಡಿ. ಅದು ಕರಲಿಗೆ ಮದ್ದು. ಬರೀ ಸವಳಿಗೆ ಬೇಕಾದದ್ದು ಸಿಹಿ ನೀರಿನ ತೊಳೆತ ಮತ್ತು ಬಸಿಯುವಿಕೆ.

ನಾಲ್ಕನೆಯದು, ಬೇರೆಡೆಯ ಸಲಹೆಯನ್ನು ಕುರುಡಾಗಿ ಅನುಸರಿಸದಿರುವುದು. ಭತ್ತದ ಗದ್ದೆಯನ್ನು ಆಗಾಗ ಒಣಗಿಸಿದರೆ ಮೀಥೇನ್ ಗಣನೀಯವಾಗಿ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಒಣಗಿಸಿದಾಗ ನೈಟ್ರಸ್ ಆಕ್ಸೈಡ್ ಏರಬಹುದು. ಸವಳು ನೆಲದಲ್ಲಿ ಅದೇ ಹೊತ್ತಿಗೆ ಉಪ್ಪೂ ಮೇಲೇಳುತ್ತದೆ. ಅಂತರ್ಜಲ ಆಳದಲ್ಲಿದ್ದರೆ ಮಾತ್ರ ಈ ವಿಧಾನ ಹಿತ.

ಮೂನಕ್ ಹಳ್ಳಿಯವರ ದೂರು, ನೀರಾ ಕಣಿವೆಯ ವರದಿ, ಸಿರುಗುಪ್ಪದ ಪ್ರಯೋಗ, ಬೇವಿನ ಅಧ್ಯಯನ ಇವೆಲ್ಲವೂ ಒಂದೇ ಮಾತನ್ನು ಹೇಳುತ್ತವೆ. ತಿಳಿವಳಿಕೆ ಪ್ರತಿ ಬಾರಿಯೂ ಸಾಕಷ್ಟು ಮುಂಚೆಯೇ ಲಭ್ಯವಿತ್ತು, ಹೊಲಕ್ಕೆ ತಲುಪಿದ್ದು ತಡವಾಗಿ. ಬೀದರ ಜಿಲ್ಲೆಗೆ ಆ ತಡ ಆಗಬೇಕಾಗಿಲ್ಲ. ಜನವಾಡದ ಕೃಷಿ ವಿಜ್ಞಾನ ಕೇಂದ್ರ ಇದೆ. 2009ರಲ್ಲಿ ಆರಂಭವಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ ಇದೆ. ನಿಮ್ಮ ಹೊಲ ಕಾಲುವೆಯ ಅಥವಾ ಕೆರೆಯ ಕೆಳಗಿದ್ದರೆ ಬೇಸಿಗೆಯಲ್ಲಿ ಒಮ್ಮೆ ತಗ್ಗಿನ ಮೂಲೆಯ ಮಣ್ಣು ಪರೀಕ್ಷೆ ಮಾಡಿಸಿ, ವಿದ್ಯುತ್ ವಾಹಕತೆ ಮತ್ತು ರಸಸಾರದ ಅಂಕಿಗಳನ್ನು ವರ್ಷವಾರು ಬರೆದಿಡಿ. ತೆರೆದ ಬಾವಿಯ ನೀರಿನ ಮಟ್ಟವನ್ನೂ ಬರೆದಿಡಿ. ಅಂಕಿ ಏರತೊಡಗಿದರೆ ಬಿಳಿ ಪದರ ಕಾಣುವವರೆಗೆ ಕಾಯಬೇಕಿಲ್ಲ. ಆಗ ಬಸಿಗಾಲುವೆಗೆ ತಗಲುವ ಖರ್ಚು, ಆಮೇಲೆ ನೆಲ ತಿದ್ದಲು ತಗಲುವ ಖರ್ಚಿಗಿಂತ ಬಹಳ ಕಡಿಮೆ.